ಹಿಂಗೋಡೆಯ ನಾಲ್ಕು ಕಿಂಡಿ

ಹಾಸನ ಜಿಲ್ಲೆಯ ನಮ್ಮ ತಾಲ್ಲೂಕು ಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನಿಂದ ಸಂತೆಮಾಳಕ್ಕೆ ಹೋಗುವ ರಸ್ತೆಯ ಎಡಕ್ಕೆ ಒಂದು ಉದ್ದನೆ ಕಟ್ಟಡ ಇದೆ. ಈಗ ಅದು ಗೊಬ್ಬರ, ಸಿಮೆಂಟಿನ ಗೋಡೌನು. ಬೋರ್ಡು ಇಳಿಸಿ ಬಹಳ ವರ್ಷವಾಯಿತು. ಆದರೂ ಅದು ಮೊದಲು ಏನಾಗಿತ್ತು ಎಂದು ಊರಿಗೆ ಹೊಸಬರೂ ಹೇಳಿಬಿಡಬಹುದು. ಬದಿ ಗೋಡೆಗಳಿಗೆ ಒಂದೂ ಕಿಟಕಿ ಇಲ್ಲ, ಬಾಗಿಲು ಮಾತ್ರ ಸಾಲುಗಟ್ಟಿ ನಿಂತಿವೆ. ಎಲ್ಲವೂ ಹೊರಕ್ಕೇ ತೆರೆಯುತ್ತವೆ. ಅಷ್ಟು ದೊಡ್ಡ ಹಜಾರದ ನಡುವೆ ಒಂದು ಕಂಬ ಇಲ್ಲ. ನೆಲ ಒಂದು ಕಡೆಗೆ ಇಳಿಜಾರು. ಮೂಟೆ ಹೊರುವ ಹುಡುಗರು ದಿನಾ ಅದಕ್ಕೆ ಶಾಪ ಹಾಕುತ್ತಾರೆ. ನೆಲ ಎತ್ತರವಿರುವ ತುದಿಗೆ ನಿಂತು ತಲೆ ಎತ್ತಿದರೆ, ಹಿಂಗೋಡೆಯಲ್ಲಿ ಎರಡಾಳು ಎತ್ತರಕ್ಕೆ ನಾಲ್ಕು ಚೌಕ ಕಿಂಡಿಗಳು ಕಾಣುತ್ತವೆ.

ಅದು ನಮ್ಮೂರಿನ ಸಿನಿಮಾ ಟಾಕೀಸಾಗಿತ್ತು. ಇಂಥ ಹಳೇ ಟಾಕೀಸು ಉಳಿಸಬೇಕು ಎಂದು ಈಚೆಗೆ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಉಳಿಸಬೇಕಾದ್ದು ಏನನ್ನು ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇವೆ. ಗೋಡೆಯನ್ನೋ, ಮಷೀನನ್ನೋ, ಹೆಸರನ್ನೋ, ಸೆಕೆಂಡ್ ಷೋ ಮುಗಿಸಿ ನಡೆದುಬಂದ ರಾತ್ರಿಗಳನ್ನೋ? ಉತ್ತರ ಬೇಕಾದರೆ ಟಾಕೀಸು ಹೇಗೆ ಓಡುತ್ತಿತ್ತು, ಯಾವ ಲೆಕ್ಕದ ಮೇಲೆ ನಿಂತಿತ್ತು ಎಂಬುದನ್ನು ಮೊದಲು ಬಿಚ್ಚಿ ನೋಡಬೇಕು. ಕಿಂಡಿಯಿಂದಲೇ ಶುರು ಮಾಡೋಣ.

ಕಿಂಡಿ ನಾಲ್ಕು, ಯಾಕೆಂದರೆ ಪ್ರೊಜೆಕ್ಟರ್ ಎರಡು. ಒಂದೊಂದಕ್ಕೂ ಬೆಳಕು ಹೊರಡಲು ಒಂದು ಕಿಂಡಿ, ಆಪರೇಟರ್ ಇಣುಕಲು ಇನ್ನೊಂದು. ಪ್ರೊಜೆಕ್ಟರ್ ಎರಡು ಇಟ್ಟದ್ದು, ಇಡೀ ಸಿನಿಮಾ ಒಂದೇ ಸುರುಳಿಗೆ ಹಿಡಿಸುತ್ತಿರಲಿಲ್ಲವಾದ್ದರಿಂದ. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಚಿತ್ರ. ಸೆಕೆಂಡಿಗೆ 24 ಚಿತ್ರ ಓಡಬೇಕು, ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ. ಬಿಚ್ಚಿ ಹಾಸಿದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಒಂದು ಸ್ಪೂಲಿಗೆ 2,000 ಅಡಿ ಸುತ್ತಿದರೆ 22 ನಿಮಿಷದ ಆಟ. ಒಂದು ಮಷೀನು ಓಡುತ್ತಿರುವಾಗ ಇನ್ನೊಂದಕ್ಕೆ ಮುಂದಿನ ರೀಲು ಏರಿಸಿಕೊಂಡು ಕಾಯಬೇಕು. ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತಿತ್ತಲ್ಲ, ನೆನಪಿದೆಯೇ? ಅದು ಆಪರೇಟರನಿಗೆಂದೇ ಇಟ್ಟ ಗುರುತು. ಮೊದಲ ಚುಕ್ಕಿಗೆ ಎರಡನೇ ಮಷೀನಿನ ಮೋಟರು ಚಾಲೂ. ಏಳೆಂಟು ಸೆಕೆಂಡ್ ಬಿಟ್ಟು ಬರುವ ಎರಡನೇ ಚುಕ್ಕಿಗೆ ಬೆಳಕು ಅತ್ತಿಂದಿತ್ತ. ಒಂದು ಆಟಕ್ಕೆ ಐದಾರು ಸಲ ಹೀಗೆ. ಸರಿಯಾಗಿ ಮಾಡಿದರೆ ಯಾರ ಗಮನಕ್ಕೂ ಬಾರದ ಕೆಲಸ, ತಪ್ಪಿದರೆ ಇಡೀ ಹಾಲಿನ ಶಿಳ್ಳೆ.

ಫಿಲ್ಮು ನಾವಂದುಕೊಂಡಂತೆ ಸರ್ರನೆ ಹರಿಯುವುದೂ ಇಲ್ಲ. ಒಂದು ಚಿತ್ರ ಬಂದು ನಿಲ್ಲುತ್ತದೆ, ಬೆಳಕು ಬೀಳುತ್ತದೆ, ಬೆಳಕು ತಡೆಯುವ ಷಟರು ಅಡ್ಡ ಬರುತ್ತದೆ, ಆ ಅರೆಗಳಿಗೆಯ ಕತ್ತಲಲ್ಲಿ ಮುಂದಿನ ಚಿತ್ರ ಕೆಳಗಿಳಿಯುತ್ತದೆ. ಇದನ್ನು ಆಡಿಸುವುದು ಮಾಲ್ಟೀಸ್ ಕ್ರಾಸ್ ಎಂಬ, ನಾಲ್ಕು ಸೀಳಿನ ಒಂದು ಉಕ್ಕಿನ ಬಿಲ್ಲೆ. ಬೂತಿನಿಂದ, ಅಂದರೆ ಮಷೀನು ಇಟ್ಟಿದ್ದ ಕೋಣೆಯಿಂದ, ಕೇಳುತ್ತಿದ್ದ ಟಕಟಕ ಅದರದೇ. ಚಿತ್ರ ಹೀಗೆ ನಿಂತು ನಿಂತು ಬರಬಹುದು, ದನಿ ನಿಂತು ನಿಂತು ಬಂದರೆ ಕೇಳಲಾಗದು. ಅದಕ್ಕೇ ಫಿಲ್ಮಿನ ಅಂಚಿನ ಧ್ವನಿಪಟ್ಟಿಯನ್ನು ಓದುವ ಭಾಗ ಮಷೀನಿನಲ್ಲಿ ಇನ್ನೂ ಕೆಳಗೆ, ಫಿಲ್ಮು ಸಮನಾಗಿ ಸಾಗುವ ಕಡೆ ಇತ್ತು. ಇದನ್ನು ಸರಿದೂಗಿಸಲು ಪ್ರತಿ ಚಿತ್ರದ ಸದ್ದನ್ನು ಸುಮಾರು 20 ಚಿತ್ರದಷ್ಟು ಮುಂದೆ ಅಚ್ಚು ಹಾಕುತ್ತಿದ್ದರು. ರೀಲು ಏರಿಸುವಾಗ ನಡುವಿನ ಮಡಿಕೆ ತುಸು ಸಡಿಲವಾದರೂ, ಹೀರೋ ಬಾಯಿ ಮುಚ್ಚಿದ ಮೇಲೆ ಡೈಲಾಗ್ ಬರುತ್ತಿತ್ತು.

ಇನ್ನು ಬೆಳಕು. ಕ್ಸೆನಾನ್ ಬಲ್ಬು ಬರುವ ಮುಂಚೆ ಉರಿಯುತ್ತಿದ್ದುದು ಕಾರ್ಬನ್. ತಾಮ್ರದ ಲೇಪವಿದ್ದ ಎರಡು ಕಡ್ಡಿಗಳ ತುದಿಯನ್ನು ತಾಗಿಸಿ ಬಿಡಿಸಿದರೆ ನಡುವೆ ಕಣ್ಣು ಕುಕ್ಕುವ ಬೆಂಕಿ ಹತ್ತಿಕೊಳ್ಳುತ್ತದೆ. ಕಡ್ಡಿ ಸವೆದು ಅಂತರ ಹೆಚ್ಚಿದಂತೆ ಪರದೆ ಹಳದಿಗೆ ತಿರುಗುತ್ತದೆ, ಆಪರೇಟರ್ ಮತ್ತೆ ಹತ್ತಿರ ಸರಿಸಬೇಕು. ಅವನು ಬೀಡಿ ಸೇದಲು ಆಚೆ ಹೋಗಿದ್ದರೆ ಪರದೆ ಮುಂದಿನ ಅಗ್ಗದ ಗಾಂಧಿ ಕ್ಲಾಸಿನಿಂದ ‘ಏಯ್, ಕಾರ್ಬನ್ನು!’ ಎಂಬ ಕೂಗು. ಬೆಳಿಗ್ಗೆ ಬೂತಿನ ಮೆಟ್ಟಿಲ ಕೆಳಗೆ ಬಿದ್ದಿರುತ್ತಿದ್ದ ಕಾರ್ಬನ್ ತುಂಡು ಆಯ್ದುಕೊಳ್ಳುವುದು ಸ್ಕೂಲಿಗೆ ಹೋಗುವ ನಮಗೆಲ್ಲ ಒಂದು ಕಸುಬು. ಸುಲಿದ ತಾಮ್ರ ಬೆರಳಿಗೆ ಉಂಗುರ, ಒಳಗಿನ ಕರಿ ಕುಂಟೆಬಿಲ್ಲೆಯ ಗೆರೆಗೆ. ಬೂತಿನ ಹೊಗೆ ಹೋಗಲೆಂದು ಇಟ್ಟಿದ್ದ ಎರಡು ತಗಡಿನ ಕೊಳವೆಗಳು ತುಕ್ಕು ಹಿಡಿದು ಗೋಡೌನಿನ ನೆತ್ತಿಯ ಮೇಲೆ ಇವತ್ತಿಗೂ ನಿಂತಿವೆ.

ಕಿಂಡಿಗಳ ಮೇಲೆ ಒಂದೊಂದು ಕಬ್ಬಿಣದ ತಟ್ಟೆ ನೇತಾಡುವುದನ್ನು ಗಮನಿಸಿ. ಮೊದಮೊದಲ ಫಿಲ್ಮು ನೈಟ್ರೇಟ್. ಅದು ಉರಿಯಲು ಹೊರಗಿನ ಗಾಳಿಯೂ ಬೇಡ, ನೀರೊಳಗೆ ಅದ್ದಿದರೂ ಉರಿಯುತ್ತದೆ. ಬೂತಿಗೆ ಬೆಂಕಿ ಬಿದ್ದರೆ ತಟ್ಟೆ ಧಡಕ್ಕನೆ ಕೆಳಗೆ ಬಿದ್ದು ಹಾಲನ್ನೂ ಬೂತನ್ನೂ ಬೇರೆ ಮಾಡಬೇಕು. 1950ರ ಆಚೀಚೆ ಸುಲಭಕ್ಕೆ ಹತ್ತಿಕೊಳ್ಳದ ಅಸಿಟೇಟ್ ಫಿಲ್ಮು ಬಂತು, ತಟ್ಟೆ ಮಾತ್ರ ಉಳಿಯಿತು. ಹೊರಕ್ಕೆ ತೆರೆಯುವ ಬಾಗಿಲು, ಬೂತಿಗೆ ಹಾಲಿನೊಳಗಿಂದ ದಾರಿ ಇಲ್ಲದೆ ಹೊರಗಿಂದಲೇ ಹತ್ತುವ ಮೆಟ್ಟಿಲು, ಇವೆಲ್ಲ ಅದೇ ಭಯದ ಗುರುತು. ಆ ಭಯ ಹುಸಿ ಎಂದು ಯಾರೂ ಹೇಳಲಾರರು: 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೊಗೆಯಲ್ಲಿ ಸಿಕ್ಕಿ 59 ಮಂದಿ ಸತ್ತರು. ಫಿಲ್ಮು ಕಾರಣವಾಗಿರಲಿಲ್ಲ, ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಹತ್ತಿತ್ತು. ಆದರೆ ಜನ ಹೊರಗೆ ಬರಲು ದಾರಿ ಇರಲಿಲ್ಲ.

ಇಂಥ ಕಟ್ಟಡ ನಮ್ಮ ಪೇಟೆಗಳಿಗೆ ಬಂದದ್ದು ಮೂರು ಹೆಜ್ಜೆಯಲ್ಲಿ. ಮೊದಲು ನಾಟಕ ಕಂಪನಿಗಳು ಕ್ಯಾಂಪು ಹಾಕುತ್ತಿದ್ದ ಜಾಗ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಬಿಡುಗಡೆಯಾಯಿತು. ನಾಟಕ ರಂಗದ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರೇ ಅದರ ಮುಖ್ಯ ಪಾತ್ರಧಾರಿಗಳು. ಚಿತ್ರ ಮಾತಾಡತೊಡಗಿದ್ದರಿಂದಲೇ ‘ಟಾಕೀಸು’ ಎಂಬ ಹೆಸರು. ಮಾತು ಬಂದದ್ದು ಎಷ್ಟು ದೊಡ್ಡ ಸುದ್ದಿಯಾಗಿತ್ತು ಎಂದರೆ ಕಟ್ಟಡಕ್ಕೇ ಅದನ್ನು ಇಟ್ಟುಬಿಟ್ಟರು. ಎರಡನೆಯದು ಟೆಂಟು. ಮಷೀನು ಒಂದೇ, ಹಾಗಾಗಿ ರೀಲು ಬದಲಿಸುವಾಗೆಲ್ಲ ಒಂದು ಸಣ್ಣ ವಿರಾಮ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಹೆಂಗಸರ ಕಡೆ ಗಂಡಸರ ಕಡೆ ಎಂದು ನಡುವೆ ಗಿಡ್ಡ ಗೋಡೆಯೋ ಪರದೆಯೋ. ಮೈಕಿನಲ್ಲಿ ವೆಂಕಟರಮಣನ ಹಾಡು ಹಾಕಿದರೆಂದರೆ ಟಿಕೆಟ್ ಶುರುವಾಯಿತು ಎಂದು ಅರ್ಥ. ಎರಡು ಮೈಲಿ ದೂರದ ಹಳ್ಳಿಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದರಂತೆ.

ಟೆಂಟಿಗೆ ಮಲೆನಾಡು ಒಗ್ಗುವ ಸೀಮೆಯಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಕಡೆ ಬೇಕಾದಷ್ಟು ದಿನ ಓಡಿಸಬಹುದಾದ ಟೆಂಟನ್ನು ಸಕಲೇಶಪುರ, ಮೂಡಿಗೆರೆ ಕಡೆ ಮುಂಗಾರಿಗೆ ಮುಂಚೆ ಮಡಚಲೇಬೇಕು. ಅದಕ್ಕೇ ಅಲ್ಲಿ ಗಟ್ಟಿ ಸೂರಿನ ಟಾಕೀಸಿಗೆ ಬೇರೆಯದೇ ಬೆಲೆ. ತೋಟದ ಆಳುಗಳು ಬಟವಾಡೆ ಪಡೆದು ಸಂತೆಗೆ ಇಳಿಯುವ ದಿನ ಮ್ಯಾಟಿನಿಯೇ ಹೌಸ್‌ಫುಲ್. ಗಟ್ಟಿ ಸೂರು ಅಂದರೆ ಹೆಚ್ಚಿನ ಕಡೆ ಜಿಂಕ್ ಶೀಟು. ಆಷಾಢದ ಮಳೆ ಅದರ ಮೇಲೆ ಬಿದ್ದರೆ ಹೀರೋಯಿನ್ ಅಳುತ್ತಿದ್ದಾಳೋ ಹಾಡುತ್ತಿದ್ದಾಳೋ ಗೊತ್ತಾಗುತ್ತಿರಲಿಲ್ಲ. ನನಗೆ ಕೆಲವು ಸಿನಿಮಾಗಳ ಕ್ಲೈಮ್ಯಾಕ್ಸ್ ಮೂಕಿಯಾಗಿಯೇ ನೆನಪಿದೆ.

ಮೂರನೆಯದು ಕಾಯಂ ಟಾಕೀಸು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ, 1971ರ ನಿಯಮಗಳು ಬಂದ ಮೇಲೆ ಟೂರಿಂಗ್, ಅರೆ ಕಾಯಂ, ಕಾಯಂ ಎಂಬ ವಿಂಗಡಣೆ ಕಾಗದದ ಮೇಲೆ ಗಟ್ಟಿಯಾಯಿತು. ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿಸಿ. ಕಟ್ಟಡ ಗಟ್ಟಿ ಇದೆ ಎಂದು ಲೋಕೋಪಯೋಗಿ ಇಂಜಿನಿಯರು, ವೈರಿಂಗ್ ಸರಿ ಇದೆ ಎಂದು ವಿದ್ಯುತ್ ಪರಿವೀಕ್ಷಕರು, ಬೆಂಕಿಗೆ ಅಗ್ನಿಶಾಮಕದವರು ಬರೆದುಕೊಡಬೇಕು. ಈ ಕಾಗದದ ಕಂತೆ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ದುಡ್ಡಿನ ಕತೆಗೆ ಬರೋಣ. ಟಾಕೀಸು ಯಾಕೆ ಮುಚ್ಚಿತು ಎಂದರೆ ಎಲ್ಲರೂ ಟೀವಿ ಅನ್ನುತ್ತಾರೆ, ಈಗ ಮೊಬೈಲ್ ಅನ್ನುತ್ತಾರೆ. ಸುಳ್ಳಲ್ಲ. 1982ರಲ್ಲಿ ಬಣ್ಣದ ದೂರದರ್ಶನ ಬಂತು, ಆಮೇಲೆ ವಿಡಿಯೊ ಪಾರ್ಲರು, 1994ರಲ್ಲಿ ಉದಯ ಟೀವಿ. ಆದರೆ ನಮ್ಮ ಟಾಕೀಸು ಇವೆಲ್ಲ ಬಂದ ಮೇಲೂ ಓಡಿತು. ಅದನ್ನು ಒಳಗಿಂದ ಸಡಿಲಿಸಿದ್ದು ಬೇರೆ.

ಫಿಲ್ಮಿನ ಕಾಲದಲ್ಲಿ ಒಂದು ಸಿನಿಮಾಕ್ಕೆ ಪ್ರಿಂಟುಗಳು ಎಣಿಸಿದಷ್ಟೇ. ಪ್ರಿಂಟು ದುಬಾರಿ. ಹಂಚಿಕೆದಾರರೆಲ್ಲ ಬೆಂಗಳೂರಿನ ಗಾಂಧಿನಗರದಲ್ಲಿ. ರಾಜ್ಯವನ್ನು ಏರಿಯಾಗಳಾಗಿ ಕತ್ತರಿಸಿಕೊಂಡಿದ್ದರು: ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ, ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿ ಎಂಎಂಸಿಎಚ್. ಸಿನಿಮಾ ಮೊದಲು ದೊಡ್ಡ ಊರುಗಳಲ್ಲಿ ಓಡಬೇಕು. ಅಲ್ಲಿ ತಣಿದ ಮೇಲೆ ಅದೇ ಪ್ರಿಂಟು ತಗಡಿನ ಪೆಟ್ಟಿಗೆಯಲ್ಲಿ ಬಸ್ಸಿನ ಟಾಪು ಹತ್ತಿ ತಾಲ್ಲೂಕಿಗೆ, ಅಲ್ಲಿಂದ ಟೆಂಟಿಗೆ. ಪೆಟ್ಟಿಗೆ ಬಂದಿಳಿಯುವುದನ್ನು ನೋಡಲೆಂದೇ ಬಸ್‌ಸ್ಟ್ಯಾಂಡಿನಲ್ಲಿ ಜನ ಇರುತ್ತಿದ್ದರು. ಪೆಟ್ಟಿಗೆಯ ಜೊತೆ ಹಂಚಿಕೆದಾರನ ಕಡೆಯ ರೆಪ್ ಒಬ್ಬ ಬಂದು ಲಾಡ್ಜಿನಲ್ಲಿ ಉಳಿದು, ಪ್ರತಿ ಆಟದ ಟಿಕೆಟ್ ಎಣಿಸಿ, ದಿನದ ಕಲೆಕ್ಷನ್ ಬರೆದಿಡುವ ಡಿಸಿಆರ್ ಪುಸ್ತಕಕ್ಕೆ ರುಜು ಹಾಕುತ್ತಿದ್ದ. ನಮಗೆ ಸಿಗುತ್ತಿದ್ದುದು ಗೀರು ಬಿದ್ದ, ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಪ್ರಿಂಟು. ಆದರೆ ಆರು ತಿಂಗಳಿಂದ ಊರೆಲ್ಲ ಅದರ ಹಾಡು ಗುನುಗಿ ಕಾದಿರುತ್ತಿತ್ತು. ಆ ಕಾಯುವಿಕೆಯೇ ತಾಲ್ಲೂಕು ಟಾಕೀಸಿನ ಬಂಡವಾಳ.

2005ರ ನಂತರ ಸ್ಯಾಟಲೈಟಿನಲ್ಲಿ, ಹಾರ್ಡ್‌ಡಿಸ್ಕಿನಲ್ಲಿ ಸಿನಿಮಾ ಕಳಿಸುವ ಯುಎಫ್‌ಓ, ಕ್ಯೂಬ್ ಕಂಪನಿಗಳು ಬಂದವು. ಹತ್ತು ವರ್ಷದೊಳಗೆ ಫಿಲ್ಮು ಪೂರ್ತಿ ಮಾಯ. ಗೀರಿಲ್ಲದ ಚಿತ್ರ, ಬೆಂಗಳೂರಿನ ದಿನವೇ ನಮ್ಮೂರಲ್ಲೂ ರಿಲೀಸ್. ನಾವೆಲ್ಲ ಖುಷಿಪಟ್ಟೆವು. ಆಗಿದ್ದೇನೆಂದರೆ, ರಾಜ್ಯದ ಎಲ್ಲ ಊರೂ ಒಂದೇ ಶುಕ್ರವಾರ ಒಂದೇ ಸಿನಿಮಾ ನೋಡಿ ಮುಗಿಸತೊಡಗಿದವು. ಐವತ್ತು ದಿನ, ನೂರು ದಿನಕ್ಕೆ ಹರಡಿಕೊಳ್ಳುತ್ತಿದ್ದ ಗಳಿಕೆ ಮೊದಲ ಹತ್ತು ದಿನಕ್ಕೆ ಬಂತು. ಒಂದೇ ಪರದೆಯ ದೊಡ್ಡ ಹಾಲು ನಿಧಾನಕ್ಕೆ ತುಂಬುವ ಲೆಕ್ಕದಲ್ಲಿ ಕಟ್ಟಿದ್ದು. ಅದಕ್ಕೆ ಈ ಅವಸರ ಹೊಂದಲಿಲ್ಲ.

ಲೆಕ್ಕಕ್ಕೆಂದು 600 ಸೀಟಿನ ಒಂದು ಟಾಕೀಸು ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಆಟ, ವಾರಕ್ಕೆ 28. ಮಾರಾಟಕ್ಕಿರುವ ಸೀಟು 16,800. ಆಟಕ್ಕೆ 40 ಜನ ಬಂದರೆ ಮಾರಿಹೋಗುವುದು 1,120. ಉಳಿದ 15,680 ಖಾಲಿ ಸೀಟಿಗೂ ಸೂರು ಬೇಕು, ಫ್ಯಾನು ಬೇಕು, ಗುಡಿಸುವವರು ಬೇಕು. ಇದಕ್ಕೆ ಕರ್ನಾಟಕದ ಒಂಟಿ ಪರದೆಗಳ ಹಳೇ ಬಾಡಿಗೆ ಪದ್ಧತಿಯನ್ನು ಸೇರಿಸಿ. ನಿರ್ಮಾಪಕನೋ ಹಂಚಿಕೆದಾರನೋ ವಾರಕ್ಕೆ ಇಷ್ಟು ಎಂದು ಟಾಕೀಸಿಗೆ ಬಾಡಿಗೆ ಕಟ್ಟುತ್ತಾನೆ, ಕಲೆಕ್ಷನ್ ಅವನದು. ಸಿನಿಮಾ ಬಿದ್ದರೂ ಮಾಲೀಕನಿಗೆ ನಷ್ಟವಿಲ್ಲ ಎಂಬುದು ಇದರ ಸೊಗಸು. ಗೆದ್ದರೂ ಅವನಿಗೆ ಹೆಚ್ಚಿಗೆ ಸಿಗುವುದು ಕ್ಯಾಂಟೀನು, ಸೈಕಲ್ ಸ್ಟ್ಯಾಂಡಿನ ಚಿಲ್ಲರೆ ಎಂಬುದು ಇದರ ಕೊಂಕು. ಜೊತೆಗೆ, ಬಾಡಿಗೆ ಕಟ್ಟುವ ಶಕ್ತಿ ಇಲ್ಲದ ಸಣ್ಣ ಸಿನಿಮಾಗಳು ತಾಲ್ಲೂಕಿಗೆ ಬರುವುದನ್ನೇ ಬಿಟ್ಟವು. ದೊಡ್ಡ ಹೀರೋಗಳ ಸಿನಿಮಾ ವರ್ಷಕ್ಕೋ ಎರಡು ವರ್ಷಕ್ಕೋ ಒಂದು. ನಡುವಿನ ವಾರಗಳಲ್ಲಿ ಪರದೆಗೆ ಹಾಕಲು ಏನೂ ಇಲ್ಲ. ಮಲ್ಟಿಪ್ಲೆಕ್ಸಿಗೆ ಕೊಟ್ಟಂತೆ ನಮಗೂ ಶೇಕಡಾವಾರು ಕೊಡಿ ಎಂದು ಮಾಲೀಕರು ಕೇಳುತ್ತಲೇ ಬಂದರು. ನನ್ನ ಪ್ರಕಾರ ಅವರ ಮಾತೇ ಸರಿ.

ತೆರಿಗೆಯ ಮಾತೂ ಆಗಾಗ ಬರುತ್ತದೆ. ಜಿಎಸ್‌ಟಿ ಶುರುವಾದಾಗ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 18, ಅದಕ್ಕಿಂತ ಮೇಲಿನದಕ್ಕೆ ಶೇ 28. 2019ರಿಂದ ಅದು 12 ಮತ್ತು 18. 2025ರ ಸೆಪ್ಟೆಂಬರಿನಲ್ಲಿ 100ರವರೆಗಿನದು ಶೇ 5ಕ್ಕಿಳಿಯಿತು. ಒಳ್ಳೆಯದೇ, ಆದರೆ ತೆರಿಗೆ ಇಳಿದದ್ದಕ್ಕೆ ನಲವತ್ತೊಂದನೆಯವನು ಬಂದು ಕೂರುತ್ತಾನೆ ಎಂದು ನನಗನ್ನಿಸುವುದಿಲ್ಲ. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿ, ಹೈಕೋರ್ಟ್ ತಡೆ ಕೊಟ್ಟು, ದೊಡ್ಡ ಗದ್ದಲವಾಯಿತು. ನಮ್ಮ ಬಾಲ್ಕನಿ ಯಾವ ಕಾಲಕ್ಕೂ 200 ಮುಟ್ಟಿದ್ದಿಲ್ಲ.

ಕೊನೇ ಏಟು ಕೋವಿಡ್. 2020ರ ಮಾರ್ಚಿನಲ್ಲಿ ಮುಚ್ಚಿದ ಬಾಗಿಲು ತೆಗೆಯಲು ಅಕ್ಟೋಬರ್ 15ಕ್ಕೆ ಅನುಮತಿ ಸಿಕ್ಕಿತು, ಅದೂ ಅರ್ಧ ಸೀಟಿಗೆ. ಏಳು ತಿಂಗಳ ಬೀಗ ಮಲೆನಾಡಿನ ಕಟ್ಟಡಕ್ಕೆ ಸಣ್ಣದಲ್ಲ. ಪರದೆಗೆ ಬೂಷ್ಟು, ಸೀಟಿನ ಸ್ಪಂಜಿಗೆ ಇಲಿ, ವೈರಿಗೂ ಇಲಿ. ಮತ್ತೆ ಆ ಕಾಗದದ ಕಂತೆ. ಲೈಸೆನ್ಸ್ ನವೀಕರಿಸದೆ ಒಮ್ಮೆ ತಪ್ಪಿಹೋದರೆ ಹೊಸಬನಂತೆ ಇಲಾಖೆ ಇಲಾಖೆ ಸುತ್ತಬೇಕು, ಹಳೇ ಕಟ್ಟಡ ಇವತ್ತಿನ ನಿಯಮದ ಮುಂದೆ ನಿಲ್ಲಬೇಕು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆಗೆದರೂ ಊರಿಗೆ ಊರೇ ಸಾಲು ನಿಲ್ಲುತ್ತದೆ. ಟಾಕೀಸಿಗೆ ಆ ಭಾಗ್ಯ ಇಲ್ಲ. ಒಂದು ವರ್ಷ ಬಾಗಿಲು ಹಾಕಿದರೆ ಅದು ಗೋಡೌನು.

ಹಾಗಾದರೆ ಕಾನೂನು ಕಾಯುವುದಿಲ್ಲವೇ ಎಂದು ಕೇಳಬಹುದು. ನಮ್ಮ ಜಿಲ್ಲೆ ಪರಂಪರೆಯ ವಿಷಯದಲ್ಲಿ ಬಡವಾದದ್ದಲ್ಲ: 1117ರ ಬೇಲೂರು, ಪಕ್ಕದ ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಆದರೆ 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಯ ಕಣ್ಣಿಗೆ ಬೀಳಬೇಕಾದರೆ ಕಟ್ಟಡಕ್ಕೆ ನೂರು ವರ್ಷ ಆಗಿರಬೇಕು. ಕನ್ನಡ ಸಿನಿಮಾಕ್ಕೆ ಮಾತು ಬಂದ ವರ್ಷದಿಂದಲೇ ಎಣಿಸಿದರೂ 2034ರವರೆಗೆ ಕಾಯಬೇಕು. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಚರಿತ್ರೆ, ಸಂಸ್ಕೃತಿಯ ಮಹತ್ವ ಇರುವ ಕಟ್ಟಡವನ್ನು ಪಾರಂಪರಿಕ ಎಂದು ಘೋಷಿಸುವ ದಾರಿ ಇದೆ. ಅದನ್ನು ನಮ್ಮೂರಿನ ಜಿಂಕ್ ಶೀಟಿನ ಹಾಲಿಗೆ ಬಳಸುತ್ತಾರೆಂದು ನಂಬುವಷ್ಟು ಮುಗ್ಧ ನಾನಲ್ಲ. ಬಳಸಿದರೂ ಅದು ಕಾಯುವುದು ಗೋಡೆಯನ್ನು. ಪೇಟೆ ನಡುವಿನ ಜಾಗ, ಅಣ್ಣತಮ್ಮಂದಿರ ನಡುವೆ ಪಾಲಿಗೆ ನಿಂತ ಆಸ್ತಿ. ಕೆಡವಬೇಡಿ ಎಂದು ಮಾಲೀಕನ ಕೈ ಕಟ್ಟಿ ಓಡಿಸಲು ದಾರಿ ತೋರಿಸದಿದ್ದರೆ ಸೂರು ತಾನೇ ಕುಸಿಯುವವರೆಗೆ ಅವನು ಕಾಯುತ್ತಾನೆ.

ನನ್ನ ಎಣಿಕೆಯಲ್ಲಿ ಮೊದಲು ಉಳಿಸಬೇಕಾದ್ದು ಇನ್ನೂ ಆಟ ನಡೆಯುತ್ತಿರುವ ಟಾಕೀಸುಗಳನ್ನು. ಹಾಸನದಲ್ಲಿ ಸಹ್ಯಾದ್ರಿ ಸರ್ಕಲ್ ಅಂದರೆ ಆಟೋದವರು ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಾರೆ; ಟಾಕೀಸಿನ ಹೆಸರು ಊರಿನ ವಿಳಾಸವೇ ಆಗಿರುವುದು ಹೀಗೆ. 600 ಸೀಟನ್ನು 250ಕ್ಕೆ ಇಳಿಸಿ, ಅರ್ಧ ಹಾಲನ್ನು ಬೇರೆ ವ್ಯಾಪಾರಕ್ಕೆ ಕೊಟ್ಟು ಪರದೆ ಉಳಿಸಿಕೊಂಡರೆ ನಾನದನ್ನು ಪರಂಪರೆಗೆ ಅಪಚಾರ ಎನ್ನಲಾರೆ. ಆ ಬಾಲ್ಕನಿ ಹೋಯಿತಲ್ಲ ಎಂದು ಅಳುವವರು ವರ್ಷಕ್ಕೆ ಎಷ್ಟು ಟಿಕೆಟ್ ತೆಗೆದುಕೊಂಡಿದ್ದರು ಎಂದು ಕೇಳಬೇಕು. ನನ್ನ ಲೆಕ್ಕ: ಕೊನೇ ಮೂರು ವರ್ಷದಲ್ಲಿ ಎರಡು. ಸಿನಿಮಾವನ್ನು ವ್ಯಾಪಾರದಾಚೆ ಉಳಿಸಿಕೊಂಡ ಮಾದರಿಯೂ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ಹೆಗ್ಗೋಡಿನ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ನಡುವೆ ಜಗತ್ತಿನ ಸಿನಿಮಾ ತೋರಿಸಿತು. ಹಾಸನದ ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಂಥ ಸರ್ಕಾರಿ ಸಭಾಂಗಣಗಳಲ್ಲಿ ತಿಂಗಳಿಗೆರಡು ಸಂಜೆ ಒಂದು ಪರದೆ ಇಳಿಬಿಡಲು ಅಂಥ ಖರ್ಚೇನೂ ಬೇಡ.

ಆಟ ನಿಂತುಹೋದ ಕಡೆ ಗೋಡೆಗಿಂತ ಮೊದಲು ಕಣ್ಣು ಹೋಗಬೇಕಾದ್ದು ಬೂತಿಗೆ ಮತ್ತು ಕಾಗದಕ್ಕೆ. ಪ್ರೊಜೆಕ್ಟರ್ ಎರಕದ ಕಬ್ಬಿಣ, ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ. ಡಿಸಿಆರ್ ಪುಸ್ತಕಗಳು ರದ್ದಿಗೆ ಹೋಗುತ್ತವೆ. ಒಂದು ಊರು ಯಾವ ವಾರ ಯಾವ ಸಿನಿಮಾ ನೋಡಿತು, ನೆಲಕ್ಕೆಷ್ಟು ಜನ, ಬಾಲ್ಕನಿಗೆಷ್ಟು, ಬರ ಬಿದ್ದ ವರ್ಷ ಏನಾಯಿತು, ಕಾಫಿ ರೇಟು ಏರಿದಾಗ ಏನಾಯಿತು, ಎಲ್ಲ ಅದರಲ್ಲಿ ದಿನದ ಲೆಕ್ಕದಲ್ಲಿ ಇರುತ್ತದೆ. ಇಂಟರ್ವಲ್ಲಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ವಾಲ್‌ಪೋಸ್ಟರು, ಬಣ್ಣದ ಟಿಕೆಟ್ಟಿನ ಅರ್ಧ ಹರಿದ ಕಂತೆಗಳೂ ಹೀಗೇ. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸಿನಿಮಾದ ಜೊತೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕಾಪಿಡುತ್ತ ಬಂದಿದೆ. ನಮ್ಮ ಟಾಕೀಸಿನ ಖಾತೆ ಪುಸ್ತಕವನ್ನು ಮಾತ್ರ ಅಲ್ಲಿಯವರು ಬಂದು ಹುಡುಕಲಾರರು, ಊರವರೇ ನೋಡಿಕೊಳ್ಳಬೇಕು. ಮೂಲೆಯಲ್ಲಿ ಫಿಲ್ಮಿನ ಡಬ್ಬ ಸಿಕ್ಕರೆ ಮುಚ್ಚಳ ತೆಗೆದು ಮೂಸಿ ನೋಡಿ. ಹುಳಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ ಎಂದು ಅರ್ಥ, ಮಲೆನಾಡಿನ ತೇವ ಅದಕ್ಕೆ ಇನ್ನಷ್ಟು ಕೆಟ್ಟದ್ದು. ಅಂಥ ಡಬ್ಬವನ್ನು ಉಳಿದವುಗಳಿಂದ ಬೇರೆ ಇಡಬೇಕು.

ಹೋದ ತಿಂಗಳು ನಮ್ಮ ಗೋಡೌನಿನ ಮಾಲೀಕರ ಹತ್ತಿರ ಹೋಗಿ, ಕಟ್ಟಡದ ಅಳತೆ ತಗೊಂಡು ಒಂದು ನಕ್ಷೆ ಬರೆದಿಟ್ಟುಕೊಳ್ತೀನಿ, ಅಪ್ಪಣೆ ಕೊಡಿ ಎಂದೆ. ಅವರಿಗೆ ನಗು ಬಂತು. ‘ಅಳ್ಕೊಳಿ ಸಾರ್, ಅಳತೆಗೇನು ದುಡ್ಡೇ?’ ಎಂದು ಕೀ ಕೊಟ್ಟರು. ಹಳೇ ಪುಸ್ತಕ ಕೇಳಿದ್ದಕ್ಕೆ ಮಹಡಿ ಹತ್ತಿ ಒಂದು ಕಟ್ಟು ತಂದರು, ಗೆದ್ದಲು ಹಿಡಿದ ಮೂರು ಡಿಸಿಆರ್. ಉಳಿದವು ರದ್ದಿಗೆ ಹೋಗಿ ಎರಡು ದೀಪಾವಳಿ ಆಗಿದೆ. ನನ್ನ ಜೊತೆ ಬಂದಿದ್ದ ಹಳೇ ಆಪರೇಟರಣ್ಣ, ಈಗ ಎಪ್ಪತ್ತು ದಾಟಿದ್ದಾರೆ, ಹೊರಗಿನ ಮೆಟ್ಟಿಲು ಹತ್ತಿ ಬೂತಿಗೆ ಹೋದರು. ಮಷೀನು ಇಟ್ಟಿದ್ದ ಜಾಗದಲ್ಲಿ ನೆಲಕ್ಕೆ ನಾಟಿದ ಬೋಲ್ಟುಗಳು ಮಾತ್ರ ಇವೆ. ಅವರು ಎರಡನೇ ಕಿಂಡಿಯ ಧೂಳನ್ನು ಅಂಗೈಯಲ್ಲಿ ಒರೆಸಿ ಇಣುಕಿದರು. ಕೆಳಗೆ ಯೂರಿಯಾ ಮೂಟೆ.

‘ಪರದೆಯಿಂದ ಈ ಗೋಡೆಗೆ ಎಷ್ಟು ಅಡಿ ಅಂತ ನಾನೇ ಹೇಳ್ತೀನಿ, ಬರ್ಕೊಳಿ’ ಎಂದರು. ಬರೆದುಕೊಂಡಿದ್ದೇನೆ. ಟೇಪು ಹಿಡಿದು ನೋಡುವುದು ಬಾಕಿ ಇದೆ. ಮಳೆ ಬಿಟ್ಟರೆ ಈ ಭಾನುವಾರ.